ಟಿವಿಯ ವಿಜ್ಞಾನ ಡಾಕ್ಯುಮೆಂಟರಿ: ಹಾಸನದಲ್ಲಿ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವೊಂದಷ್ಟು ಜನ ಭಾನುವಾರ ಸಂಜೆ ಒಬ್ಬರ ಮನೆ ಮಹಡಿಯಲ್ಲಿ ಸೇರಿ ವಿಜ್ಞಾನ, ತಂತ್ರಜ್ಞಾನದ ಡಾಕ್ಯುಮೆಂಟರಿ ನೋಡುತ್ತೇವೆ. ನೋಡಿದ ಮೇಲೆ ವಾದ ಮಾಡುತ್ತೇವೆ. ಸಂಘ ಅಲ್ಲ, ಹೆಸರಿಲ್ಲ, ಅಧ್ಯಕ್ಷರೂ ಇಲ್ಲ. ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಅಭಿಪ್ರಾಯಗಳು ನನ್ನವು. ನಮ್ಮಲ್ಲೇ ಅರ್ಧ ಜನ ಒಪ್ಪುವುದಿಲ್ಲ.

ಸೈನ್ಸ್ ಡಾಕ್ಯುಮೆಂಟರಿ ಅಂದ್ರೆ ಹುಲಿ ಜಿಂಕೆ ಹಿಡಿಯೋದು ತಾನೆ?

ಅದೂ ಇದೆ, ಚೆನ್ನಾಗೂ ಇರುತ್ತೆ. ಆದರೆ ನಾವು ಜಾಸ್ತಿ ನೋಡುವುದು ಬೇರೆ ಜಾತಿಯವು. ಒಂದು ಯಂತ್ರ, ಒಂದು ಔಷಧ, ಒಂದು ಅಣೆಕಟ್ಟೆ ಬಂದ ಮೇಲೆ ಜನರ ಬದುಕು ಏನಾಯಿತು ಅಂತ ಕೇಳುವಂಥವು. ಬಿಬಿಸಿಯ 'ಹೊರೈಜನ್' 1964ರಲ್ಲಿ ಶುರುವಾಯಿತು, ಅಮೆರಿಕದ ಪಿಬಿಎಸ್‌ನ 'ನೋವಾ' 1974ರಲ್ಲಿ. ಇವೆರಡೂ ಹತ್ತಾರು ವರ್ಷ ಈ ಕೆಲಸ ಮಾಡಿವೆ.

ಒಂದು ಉದಾಹರಣೆ ಹೇಳುತ್ತೇನೆ. 1978ರ 'ಕನೆಕ್ಷನ್ಸ್' ಅಂತ ಬಿಬಿಸಿ ಸರಣಿ, ಜೇಮ್ಸ್ ಬರ್ಕ್ ನಡೆಸಿಕೊಟ್ಟಿದ್ದು. ಅದರ ಮೊದಲ ಕಂತು 1965ರ ನವೆಂಬರ್ 9ರ ಸಂಜೆ ನ್ಯೂಯಾರ್ಕಿನಲ್ಲಿ ಕರೆಂಟ್ ಹೋದ ಕಥೆ ಹೇಳುತ್ತದೆ. ನಯಾಗರಾ ಹತ್ತಿರ ಕೆನಡಾದ ಒಂದು ವಿದ್ಯುತ್ ಕೇಂದ್ರದಲ್ಲಿ ಲೈನ್ ಕಡಿಯುವ ಒಂದು ರಿಲೇ ಸ್ವಿಚ್ ಬಿದ್ದು, ಒಂದರ ಹಿಂದೆ ಒಂದು ಲೈನ್ ಕೈಕೊಟ್ಟು, ಸುಮಾರು 3 ಕೋಟಿ ಜನ ಕತ್ತಲೆಯಲ್ಲಿ ಕೂತರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರು, ಸುರಂಗದ ರೈಲಿನಲ್ಲಿ ನಿಂತವರು. ಬರ್ಕ್ ಅಲ್ಲಿಂದ ಒಂದು ಪ್ರಶ್ನೆ ಎತ್ತುತ್ತಾರೆ: ಇದೆಲ್ಲ ಪೂರ್ತಿ ನಿಂತೇ ಹೋದರೆ ನಿಮಗೆ ಉತ್ತು ಬೆಳೆಯೋಕೆ ಬರುತ್ತಾ? ಇದನ್ನು ಹಾಕಿದಾಗ ಆಲೂರು ಕಡೆಯ ರೈತರೊಬ್ಬರು, "ನಮಗೆ ಬರುತ್ತೆ, ಕರೆಂಟ್ ಹೋಗೋದು ನಮಗೇನು ಹೊಸದಾ" ಅಂದರು. ಎಲ್ಲರೂ ನಕ್ಕೆವು. ಆಮೇಲೆ ಅವರೇ, ಬೋರ್‌ವೆಲ್ ಮೋಟಾರ್ ಇಲ್ಲದೆ ತಮ್ಮ ಜಮೀನು ಎಷ್ಟು ದಿನ ಹಸಿರಾಗಿರುತ್ತೆ ಅಂತ ಲೆಕ್ಕ ಹಾಕತೊಡಗಿದರು.

ಹೊಸಬರು ಯಾವುದರಿಂದ ಶುರು ಮಾಡಬೇಕು?

'ಕನೆಕ್ಷನ್ಸ್' ಮೊದಲ ಕಂತು. ಆಮೇಲೆ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅವರ 'ಕಾಸ್ಮೋಸ್', 1980ರದ್ದು, 13 ಕಂತು. ಅದು ನಿಧಾನ. ಈಗಿನ ಕಣ್ಣಿಗೆ ತುಂಬಾ ನಿಧಾನ ಅನ್ನಿಸಬಹುದು, ಆದರೂ ಬಿಡಬೇಡಿ. ಗಣಿತ, ಕಂಪ್ಯೂಟರ್ ಇಷ್ಟವಿದ್ದರೆ 2017ರ 'ಆಲ್ಫಾಗೋ' ನೋಡಿ. 2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಗೋ ಆಟದ ದೊಡ್ಡ ಆಟಗಾರ ಲೀ ಸೆಡೋಲ್ ಕಂಪ್ಯೂಟರ್ ಎದುರು 4–1ರಿಂದ ಸೋತ ಕಥೆ. ಗೋ ಆಟ ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ. ಆ ಮನುಷ್ಯನ ಮುಖ ನೋಡಿದರೆ ಸಾಕು.

ಕನ್ನಡದಲ್ಲಿ ಸಿಗುತ್ತಾ? ನಮ್ಮಮ್ಮನಿಗೆ ಇಂಗ್ಲಿಷ್ ಬರಲ್ಲ.

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ, ನನಗೆ ಸಿಟ್ಟು ತರಿಸುವ ಪ್ರಶ್ನೆಯೂ ಹೌದು. ಕೇಳಿದವರ ಮೇಲಲ್ಲ.

ನಮ್ಮಲ್ಲಿ ಡಬ್ಬಿಂಗ್ ಬೇಡ ಅನ್ನುವ ಕಟ್ಟುಪಾಡು ದಶಕಗಳ ಕಾಲ ಇತ್ತು. ಬೇರೆ ಭಾಷೆಯ ಸಿನಿಮಾ ಬಂದರೆ ಕನ್ನಡ ಚಿತ್ರರಂಗದವರ ಹೊಟ್ಟೆಪಾಡು ಹೋಗುತ್ತೆ ಅನ್ನುವುದು ಅದರ ಹಿಂದಿನ ವಾದ, ಅದರಲ್ಲಿ ಹುರುಳೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಬಲೆಯಲ್ಲಿ ಸಿನಿಮಾ, ಧಾರಾವಾಹಿ ಜೊತೆ ವಿಜ್ಞಾನದ ಕಾರ್ಯಕ್ರಮಗಳೂ ಸಿಕ್ಕಿಬಿದ್ದವು. ತಮಿಳು, ತೆಲುಗಿನ ಮಕ್ಕಳು ತಮ್ಮ ಭಾಷೆಯಲ್ಲಿ ಡಿಸ್ಕವರಿ ನೋಡುತ್ತಿದ್ದ ಕಾಲದಲ್ಲಿ ನಮ್ಮ ಮಕ್ಕಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅರೆಬರೆ ಅರ್ಥ ಮಾಡಿಕೊಂಡರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಅಂತ ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು, ಡಬ್ ಆದ ಪೌರಾಣಿಕ ಧಾರಾವಾಹಿಗಳು ಮನೆಮನೆಗೆ ಬಂದವು, ಜನ ನೋಡಿದರು, ಆಕಾಶವೇನೂ ಬೀಳಲಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಸೆಟ್‌ಟಾಪ್ ಬಾಕ್ಸಿನ ರಿಮೋಟಿನಲ್ಲಿ ಭಾಷೆ ಬದಲಿಸುವ ಬಟನ್ ಇರುತ್ತೆ, ಒತ್ತಿ ನೋಡಿ. ಎಷ್ಟೋ ಮನೆಯಲ್ಲಿ ಅದನ್ನು ಒಂದು ದಿನವೂ ಒತ್ತಿರುವುದಿಲ್ಲ. ಕರ್ನಾಟಕದ ಕಾಡಿನ ಮೇಲೆ ಬಂದ 'ವೈಲ್ಡ್ ಕರ್ನಾಟಕ'ಕ್ಕೆ ಕನ್ನಡ ನಿರೂಪಣೆ ಇದೆ. ಅದರ ಇಂಗ್ಲಿಷ್ ದನಿ ಡೇವಿಡ್ ಅಟೆನ್‌ಬರೋ ಅವರದ್ದು, ಆ ನಿರೂಪಣೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಏನೂ ಸಿಗದಿದ್ದರೆ ನಾವು ಮಾಡುವಂತೆ ಮಾಡಿ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಒಬ್ಬರು ಕನ್ನಡದಲ್ಲಿ ಹೇಳಿ. ನಮ್ಮಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಈ ಕೆಲಸ ಮಾಡುತ್ತಾಳೆ, ಕೆಲವು ಸಲ ಮೂಲಕ್ಕಿಂತ ಅವಳು ಹೇಳಿದ್ದೇ ಚೆನ್ನಾಗಿರುತ್ತದೆ.

ನಮ್ಮ ದೂರದರ್ಶನ ಇಂಥದ್ದೇನೂ ಮಾಡಿಲ್ವಾ?

ಮಾಡಿದೆ, ನಾವು ಮರೆತಿದ್ದೇವೆ. 1989ರಲ್ಲಿ 'ಭಾರತ್ ಕೀ ಛಾಪ್' ಅಂತ 13 ಕಂತಿನ ಸರಣಿ ಬಂತು, ಚಂದಿತಾ ಮುಖರ್ಜಿ ನಿರ್ದೇಶನ. ನಮ್ಮ ದೇಶದ ವಿಜ್ಞಾನ, ತಂತ್ರಜ್ಞಾನದ ಇತಿಹಾಸ ಅದರ ವಿಷಯ. ಹಳೆಯದನ್ನೆಲ್ಲ ಹೊಗಳಿ ಕೂರುವ ಸರಣಿ ಅಲ್ಲ. ಕುಶಲಕರ್ಮಿಗಳು ಕೈಯಲ್ಲಿ ಏನು ಮಾಡಿದರು, ಅವರ ಜಾತಿ ಯಾವುದು, ಅವರ ವಿದ್ಯೆ ಯಾಕೆ ಪುಸ್ತಕಕ್ಕೆ ಬರಲಿಲ್ಲ ಅಂತೆಲ್ಲ ಕೇಳುತ್ತದೆ. 1990ರ ದಶಕದ ಮೊದಲಲ್ಲಿ 'ಟರ್ನಿಂಗ್ ಪಾಯಿಂಟ್' ಬರುತ್ತಿತ್ತು. ನಮ್ಮ ಗಿರೀಶ್ ಕಾರ್ನಾಡರೇ ನಡೆಸಿಕೊಡುತ್ತಿದ್ದರು, ಪ್ರೊಫೆಸರ್ ಯಶಪಾಲ್ ನೋಡುಗರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ನನ್ನ ವಯಸ್ಸಿನವರಿಗೆ ಅವರ ನಗು ನೆನಪಿರುತ್ತೆ.

ಅದಕ್ಕೂ ಹಿಂದೆ ಇನ್ನೊಂದು ಕಥೆ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಅನ್ನುವ ಉಪಗ್ರಹವನ್ನು ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನೇರವಾಗಿ ಟಿವಿ ತೋರಿಸಿದರು. ಅದರ ಹೆಸರು ಸೈಟ್. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿದ್ದವು, ಕಾರ್ಯಕ್ರಮ ಕನ್ನಡದಲ್ಲೇ. ಕೋಳಿಗೂಡಿಗೆ ಹಾಕುವ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ಡಿಶ್, ಒಂದು ಟಿವಿ, ಎದುರಿಗೆ ಇಡೀ ಊರು. ಬೇಸಾಯ, ಆರೋಗ್ಯ, ಶಾಲೆ ಮಕ್ಕಳಿಗೆ ವಿಜ್ಞಾನ. ಆಗ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರಿನ ಮುಖ್ಯಸ್ಥರು ಇದೇ ಯಶಪಾಲ್. ವರ್ಷ ಮುಗಿಯಿತು, ಅಮೆರಿಕ ಉಪಗ್ರಹ ವಾಪಸ್ ತೆಗೆದುಕೊಂಡಿತು.

ಎಂಸಿಎಫ್‌ನಿಂದಲೇ ಟಿವಿ ಪ್ರಸಾರ ಆಗೋದಂತೆ, ನಿಜಾನಾ?

ಹಾಸನದವರೇ ಇದನ್ನು ಕೇಳುತ್ತಾರೆ, ಸಾಲಗಾಮೆ ರಸ್ತೆಯಲ್ಲಿ ದಿನಾ ಓಡಾಡುವವರೂ ಕೇಳುತ್ತಾರೆ. ಎಂಸಿಎಫ್ ಅಂದರೆ ಆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಉತ್ತರ: ಪ್ರಸಾರ ಅಲ್ಲಿಂದ ಆಗುವುದಿಲ್ಲ, ಆದರೆ ಇಸ್ರೋ ಉಪಗ್ರಹಗಳ ಮೂಲಕ ಬರುವ ಪ್ರಸಾರ ಅದಿಲ್ಲದೆ ನಡೆಯುವುದೂ ಇಲ್ಲ.

ಚಾನೆಲ್‌ನವರು ತಮ್ಮ ತಮ್ಮ ಕೇಂದ್ರದಿಂದ ಸಿಗ್ನಲ್ ಮೇಲೆ ಕಳಿಸುತ್ತಾರೆ. ಉಪಗ್ರಹ ಅದನ್ನು ಹಿಡಿದು ಕೆಳಗೆ ಬಿಡುತ್ತದೆ. ಇಸ್ರೋದ ಉಪಗ್ರಹವಾದರೆ ಅದನ್ನು ಅದರ ಜಾಗದಲ್ಲಿ ನಿಲ್ಲಿಸಿಡುವುದು ಎಂಸಿಎಫ್ ಕೆಲಸ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಅಷ್ಟು ಎತ್ತರದಲ್ಲಿ ಒಂದು ಸುತ್ತಿಗೆ ಒಂದು ದಿನ ಬೇಕು, ಭೂಮಿಯೂ ಅಷ್ಟೇ ಹೊತ್ತಿನಲ್ಲಿ ತಿರುಗುತ್ತೆ, ಹಾಗಾಗಿ ನಮ್ಮ ಕಣ್ಣಿಗೆ ಅದು ಅಲ್ಲಾಡದೆ ನಿಂತಂತೆ. ಅದಕ್ಕೇ ನಿಮ್ಮ ಮನೆ ಡಿಶ್‌ನ ತಿರುಪು ಒಮ್ಮೆ ಬಿಗಿ ಮಾಡಿದರೆ ಮುಗಿಯಿತು. ಆದರೆ ಸೂರ್ಯ, ಚಂದ್ರ ಎಳೆದು ಎಳೆದು ಉಪಗ್ರಹ ಜಾಗ ಬಿಟ್ಟು ಸರಿಯುತ್ತಾ ಇರುತ್ತದೆ. ಆಗ ಹಾಸನದಿಂದ ಆದೇಶ ಹೋಗುತ್ತದೆ, ಸಣ್ಣ ರಾಕೆಟ್ ಮೂತಿಗಳು ಸ್ವಲ್ಪ ಹೊತ್ತು ಉರಿದು ಅದನ್ನು ಮತ್ತೆ ಜಾಗಕ್ಕೆ ತರುತ್ತವೆ. ಇಂಧನ ಮುಗಿಯುತ್ತಾ ಬಂದರೆ ಅದರ ಆಯಸ್ಸೂ ಮುಗಿಯಿತು. ಉಳಿದ ಚೂರು ಇಂಧನದಲ್ಲಿ ಅದನ್ನು ಇನ್ನಷ್ಟು ಮೇಲಕ್ಕೆ, ಬೇರೆಯವರ ದಾರಿಗೆ ಅಡ್ಡ ಬಾರದ ಕಡೆಗೆ ತಳ್ಳುತ್ತಾರೆ.

ಎಂಸಿಎಫ್ ಶುರುವಾದ 1982ರಲ್ಲೇ ಮೊದಲ ಇನ್ಸಾಟ್, ಅಂದರೆ ಇನ್ಸಾಟ್-1ಎ, ಏಪ್ರಿಲ್‌ನಲ್ಲಿ ಮೇಲೆ ಹೋಗಿ ಸೆಪ್ಟೆಂಬರ್ ಹೊತ್ತಿಗೆ ಇಂಧನ ಖಾಲಿಯಾಗಿ ಕೈಬಿಟ್ಟು ಹೋಯಿತು. ಮುಂದಿನ ವರ್ಷ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಉಳಿಯಿತು. 80ರ ದಶಕದಲ್ಲಿ ನಮ್ಮ ಊರುಗಳಿಗೆ ಟಿವಿ ಬಂದಿದ್ದು ಅದರ ಬಲದಿಂದ. ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಕೆಲವು ದಿನ ಹಗಲು ಹೊತ್ತು ಕೆಲವು ನಿಮಿಷ ಚಿತ್ರ ಹೋಗುತ್ತಲ್ಲ, ಅದು ಯಾರ ತಪ್ಪೂ ಅಲ್ಲ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದಿರುತ್ತಾನೆ, ಅವನ ಗದ್ದಲದಲ್ಲಿ ಸಿಗ್ನಲ್ ಕೇಳುವುದಿಲ್ಲ.

ಇನ್ನೊಂದು ಗೊಂದಲ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರಂದು ಅದನ್ನೂ ಹಾಸನದಿಂದಲೇ ನಡೆಸಿದರು ಅಂತ ಕೆಲವರು ನಂಬಿದ್ದಾರೆ. ಅಲ್ಲ. ಅದು ಬೆಂಗಳೂರಿನಲ್ಲಿರುವ ಇಸ್ರೋದ ಇಸ್‌ಟ್ರ್ಯಾಕ್ ಕೇಂದ್ರದ ಕೆಲಸ, ದೂರದ ನೌಕೆಗಳಿಗೆ ಬ್ಯಾಲಾಳಿನ ದೊಡ್ಡ ಆಂಟೆನಾಗಳಿವೆ. ರಾಕೆಟ್ ಹಾರುವುದನ್ನು ತೋರಿಸಲು ಡಾಕ್ಯುಮೆಂಟರಿಯವರು ಮುಗಿಬೀಳುತ್ತಾರೆ. ವರ್ಷಗಟ್ಟಲೆ ರಾತ್ರಿ ಪಾಳಿಯಲ್ಲಿ ಕೂತು ಉಪಗ್ರಹ ಕಾಯುವವರ ಮೇಲೆ ಯಾರೂ ಒಂದು ಒಳ್ಳೆ ಚಿತ್ರ ಮಾಡುವುದಿಲ್ಲ, ಅದರಲ್ಲಿ ಬೆಂಕಿ ಇಲ್ಲ, ಹೊಗೆ ಇಲ್ಲ.

ಸಕಲೇಶಪುರದಲ್ಲಿ ಮಳೆ ಜೋರಾದರೆ ಟಿವಿನೇ ಬರಲ್ಲ, ಯಾಕೆ?

ಮನೆ ಮೇಲಿನ ಸಣ್ಣ ಡಿಶ್‌ಗಳು ಹಿಡಿಯುವುದು ಕೆಯು ಬ್ಯಾಂಡ್ ಅನ್ನುವ ಅಲೆಗಳನ್ನು. ಅವುಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಮಳೆಹನಿ ಆ ಅಲೆಯನ್ನು ಹೀರುತ್ತದೆ, ಚದುರಿಸುತ್ತದೆ. ಅಲೆ ಓರೆಯಾಗಿ ಬರುವುದರಿಂದ ಮಳೆಯಲ್ಲಿ ಇನ್ನೂ ಜಾಸ್ತಿ ದೂರ ಸಾಗಬೇಕು. ಡಿಶ್ ದೊಡ್ಡದಾದರೆ ಸ್ವಲ್ಪ ವಾಸಿ. ಮಲೆನಾಡಿನ ಜುಲೈ ಮಳೆಗೆ ಅದೂ ಸೋಲುತ್ತದೆ. ಆದ್ದರಿಂದ ಮಳೆಗಾಲಕ್ಕೆ ಪೆನ್‌ಡ್ರೈವ್ ನಂಬಿ.

ತೋರಿಸೋದೆಲ್ಲ ನಿಜಾನಾ? ಇಷ್ಟು ಹತ್ತಿರದಿಂದ ಹೇಗೆ ತೆಗೀತಾರೆ?

ಎಲ್ಲವೂ ನಿಜ ಅಲ್ಲ. ಎಲ್ಲವೂ ಸುಳ್ಳೂ ಅಲ್ಲ. ಇದರಲ್ಲಿ ಮೆಟ್ಟಿಲುಗಳಿವೆ.

ಮೊದಲ ಮೆಟ್ಟಿಲು ಶಬ್ದ. ದೂರದ ಪ್ರಾಣಿಯನ್ನು ದೊಡ್ಡ ಲೆನ್ಸಿನಲ್ಲಿ ಹಿಡಿಯಬಹುದು, ಅದರ ಹೆಜ್ಜೆ ಸಪ್ಪಳ ಹಿಡಿಯುವ ಹಾಗಿಲ್ಲ. ಅದನ್ನು ಆಮೇಲೆ ಸ್ಟುಡಿಯೋದಲ್ಲಿ ಮಾಡಿ ಸೇರಿಸುತ್ತಾರೆ. ಇದನ್ನು ನಾನು ಮೋಸ ಅನ್ನುವುದಿಲ್ಲ. ಎರಡನೆಯದು ಜಾಗ. 2011ರ 'ಫ್ರೋಜನ್ ಪ್ಲಾನೆಟ್' ಸರಣಿಯಲ್ಲಿ ಹಿಮಕರಡಿ ಮರಿಗಳ ದೃಶ್ಯ ಮೃಗಾಲಯದಲ್ಲಿ ತೆಗೆದದ್ದು ಅಂತ ಗೊತ್ತಾಗಿ ಬ್ರಿಟನ್ನಿನಲ್ಲಿ ಗಲಾಟೆಯಾಯಿತು. ಹಿಮದ ಗುಹೆಯಲ್ಲಿ ತೆಗೆಯಲು ಹೋದರೆ ತಾಯಿಗೂ ಮರಿಗೂ ಅಪಾಯ ಅಂದರು ಸರಣಿ ಮಾಡಿದ ಬಿಬಿಸಿಯವರು. ಸರಿ, ಆದರೆ ಅದನ್ನು ಚಿತ್ರದಲ್ಲೇ ಹೇಳಬಹುದಿತ್ತಲ್ವಾ?

ಮೂರನೆಯದು ಕ್ಷಮಿಸಲಾಗದ್ದು. 1958ರ 'ವೈಟ್ ವೈಲ್ಡರ್‌ನೆಸ್' ಅನ್ನುವ ಡಿಸ್ನಿ ಚಿತ್ರದಲ್ಲಿ ಲೆಮ್ಮಿಂಗ್ ಅನ್ನುವ ಇಲಿಯಂಥ ಪ್ರಾಣಿಗಳು ಗುಂಪಾಗಿ ಬಂಡೆಯಿಂದ ಹಾರಿ ಸಾಯುತ್ತವೆ. ಆಸ್ಕರ್ ಬಂತು. ಆ ಪ್ರಾಣಿಗಳನ್ನು ಬೇರೆ ಕಡೆಯಿಂದ ಕೆನಡಾದ ಆಲ್ಬರ್ಟಾಕ್ಕೆ ತಂದು, ಚಿತ್ರತಂಡದವರೇ ನೀರಿಗೆ ತಳ್ಳಿದ್ದರು ಅಂತ 1982ರಲ್ಲಿ ಕೆನಡಾದ ಸಿಬಿಸಿ ಟಿವಿ ಬಯಲು ಮಾಡಿತು. ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. ಆದರೂ ಆ ಮಾತು ಇವತ್ತಿಗೂ ಜನರ ಬಾಯಲ್ಲಿದೆ.

ನಾಲ್ಕನೆಯದು ಪೂರಾ ಕಟ್ಟುಕಥೆ. 2012ರಲ್ಲಿ ಅನಿಮಲ್ ಪ್ಲಾನೆಟ್ ಮತ್ಸ್ಯಕನ್ಯೆ ಸಿಕ್ಕಿದಳು ಅಂತ, 2013ರಲ್ಲಿ ಡಿಸ್ಕವರಿ ಮೆಗಲೊಡಾನ್ ಶಾರ್ಕ್ ಇನ್ನೂ ಬದುಕಿದೆ ಅಂತ, ನಟರನ್ನು ವಿಜ್ಞಾನಿಗಳ ಹಾಗೆ ಕೂರಿಸಿ ಕಾರ್ಯಕ್ರಮ ಮಾಡಿದವು. ಇದು ಕಲ್ಪನೆ ಅನ್ನುವ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಮತ್ಸ್ಯಕನ್ಯೆ ಇರುವುದಕ್ಕೆ ಯಾವ ಸಾಕ್ಷಿಯೂ ಇಲ್ಲ ಅಂತ ಅಮೆರಿಕದ ಸಾಗರ ಸಂಸ್ಥೆ ನೋವಾ ಹೇಳಿಕೆ ಕೊಡಬೇಕಾಯಿತು! (ಮೇಲೆ ಹೇಳಿದ ಟಿವಿ ಸರಣಿ ಬೇರೆ, ಇದು ಸರ್ಕಾರಿ ಸಂಸ್ಥೆ.)

ನಮ್ಮ ಮಹಡಿಯ ಪದ್ಧತಿ ಸುಲಭದ್ದು. ಯಾರೇ ಏನೇ ಹೇಳಲಿ, ಚಿತ್ರ ನಿಲ್ಲಿಸಿ "ಇದು ಇವರಿಗೆ ಹೇಗೆ ಗೊತ್ತಾಯ್ತು?" ಅಂತ ಯಾರು ಬೇಕಾದರೂ ಕೇಳಬಹುದು. ಒಳ್ಳೆ ಚಿತ್ರದಲ್ಲಿ ಉತ್ತರ ಒಳಗೇ ಸಿಗುತ್ತದೆ. ಕೆಟ್ಟದ್ದರಲ್ಲಿ ಬರೀ ಗುಡುಗಿನ ಸಂಗೀತ ಸಿಗುತ್ತದೆ.

'ಚೆರ್ನೋಬಿಲ್' ಡಾಕ್ಯುಮೆಂಟರಿ ಅಲ್ವಾ?

2019ರದ್ದು ಕೇಳುತ್ತಿದ್ದರೆ ಅಲ್ಲ, ಅದು ನಾಟಕ. ತುಂಬಾ ಚೆನ್ನಾಗಿದೆ, ನಾನೂ ನೋಡಿದ್ದೇನೆ. ಆದರೆ ಅದರಲ್ಲಿ ಬರುವ ಉಲಾನಾ ಖೋಮ್ಯುಕ್ ಅನ್ನುವ ವಿಜ್ಞಾನಿ ಇರಲೇ ಇಲ್ಲ. ತುಂಬಾ ಜನ ವಿಜ್ಞಾನಿಗಳನ್ನು ಸೇರಿಸಿ ಒಂದು ಪಾತ್ರ ಮಾಡಿದ್ದಾರೆ, ಕೊನೆಯಲ್ಲಿ ಅವರೇ ಅದನ್ನು ಹೇಳುತ್ತಾರೆ.

ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ? ಕೊಟ್ಟವರು ಹೇಳಿದ ಹಾಗೆ ತೋರಿಸಲ್ವಾ?

ಕೇಳಲೇಬೇಕಾದ ಪ್ರಶ್ನೆ. 1963ರ ಏಪ್ರಿಲ್ 3ರಂದು ಅಮೆರಿಕದ ಸಿಬಿಎಸ್ ಚಾನೆಲ್ ರೇಚಲ್ ಕಾರ್ಸನ್ ಅವರ ಮೇಲೆ ಒಂದು ಗಂಟೆಯ ಕಾರ್ಯಕ್ರಮ ಹಾಕಿತು. ಡಿಡಿಟಿಯಂಥ ಕೀಟನಾಶಕ ಸಿಕ್ಕಾಪಟ್ಟೆ ಹೊಡೆದರೆ ಹಕ್ಕಿ, ಮೀನು, ಮನುಷ್ಯ ಯಾರಿಗೂ ಒಳ್ಳೆಯದಲ್ಲ ಅಂತ ಹೇಳಿದ್ದ ಹೆಂಗಸು. ಪ್ರಸಾರಕ್ಕೆ ಮೊದಲೇ ಐದು ಪ್ರಾಯೋಜಕರಲ್ಲಿ ಮೂವರು ಹಿಂದೆ ಸರಿದರು. ಚಾನೆಲ್ ಜಗ್ಗಲಿಲ್ಲ, ಹಾಕೇಬಿಟ್ಟಿತು. ಒಂದು ಕಡೆ ಕಾಯಿಲೆಯಿಂದ ಸೋತಿದ್ದ ಕಾರ್ಸನ್ ಮೆಲ್ಲಗೆ, ಅಳೆದು ಮಾತಾಡುತ್ತಾರೆ. ಇನ್ನೊಂದು ಕಡೆ ರಾಸಾಯನಿಕ ಕಂಪನಿಯ ವಿಜ್ಞಾನಿ ಬಿಳಿ ಕೋಟು ಹಾಕಿಕೊಂಡು, ಈಕೆಯ ಮಾತು ಕೇಳಿದರೆ ಪ್ರಪಂಚ ಹುಳುಹುಪ್ಪಟೆಗಳ ಪಾಲಾಗುತ್ತೆ ಅಂತ ಹೆದರಿಸುತ್ತಾರೆ. ನೋಡಿದವರಿಗೆ ಯಾರು ಶಾಂತವಾಗಿದ್ದಾರೆ ಅನ್ನುವುದು ಕಂಡಿತು.

ಕಾಫಿ ತೋಟದವರ ಎದುರು ಇದನ್ನು ಹಾಕಿದರೆ ಮಾತು ಮುಗಿಯುವುದೇ ಇಲ್ಲ. ಅರೇಬಿಕಾ ಗಿಡಕ್ಕೆ ಕಾಂಡ ಕೊರೆಯುವ ಹುಳ, ಎಲ್ಲರೂ ಬೋರರ್ ಅನ್ನುವುದು, ಅದು ಬಿದ್ದರೆ ಗಿಡ ಕಿತ್ತು ಸುಡುವುದೇ ದಾರಿ. ಆ ಹುಳದ ಕಾಟಕ್ಕೆ ಹಿಂದೆ ಕಾಂಡಕ್ಕೆ ಬಳಿಯುತ್ತಿದ್ದ ಲಿಂಡೇನ್ ಈಗ ನಿಷೇಧವಾಗಿದೆ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಲ್ಲಿಸಿತು. "ಹಾಗಾದರೆ ನಮ್ಮ ಗಿಡ ಉಳಿಸೋರು ಯಾರು?" ಅಂತ ಮೂಡಿಗೆರೆ ಕಡೆಯ ಬೆಳೆಗಾರರು ಕೇಳಿದರೆ, ಔಷಧ ಹೊಡೆದವರ ಮಗ ಅದೇ ಕೋಣೆಯಲ್ಲಿ ಕೂತಿರುತ್ತಾನೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ನೂರು ವರ್ಷದ ಕಥೆ ಅಲ್ಲಿದೆ. ಅದನ್ನು ಒಂದು ಸರಣಿ ಮಾಡಲು ಯಾರಿಗೂ ಯಾಕೆ ಹೊಳೆದಿಲ್ಲವೋ.

ದುಡ್ಡಿನ ವಿಷಯಕ್ಕೆ ಬಂದರೆ, ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿ ಬಿಡದೆ ನೋಡಿ. ನಾವು ಅದನ್ನು ನಿಲ್ಲಿಸಿ ಓದುತ್ತೇವೆ. ಮಕ್ಕಳಿಗೆ ಬೇಜಾರು, ಆದರೂ ಓದುತ್ತೇವೆ.

ಈ ಎಐ, ಫೇಸ್ ರೆಕಗ್ನಿಶನ್ ಎಲ್ಲ ಸಿಟಿಯವರ ಚಿಂತೆ. ನಮಗೇಕೆ?

'ಕೋಡೆಡ್ ಬಯಾಸ್' ನೋಡಿ, 2020ರದ್ದು, ಆಮೇಲೆ ಅಮೆರಿಕದ ಟಿವಿಯಲ್ಲೂ ಬಂತು. ಎಂಐಟಿಯಲ್ಲಿ ಓದುತ್ತಿದ್ದ ಜಾಯ್ ಬುವೊಲಮ್ವಿನಿ ಅನ್ನುವ ಕಪ್ಪು ಹುಡುಗಿ ಕ್ಯಾಮೆರಾ ಎದುರು ಕೂತರೆ ಕಂಪ್ಯೂಟರ್‌ಗೆ ಅವಳ ಮುಖವೇ ಕಾಣುವುದಿಲ್ಲ. ಬಿಳಿ ಮುಖವಾಡ ಹಾಕಿಕೊಂಡರೆ ತಕ್ಷಣ ಕಾಣುತ್ತೆ. ಅವಳು ಅಲ್ಲಿಗೇ ಬಿಡಲಿಲ್ಲ, ಅಳೆದಳು. 2018ರ ಅವರ ಅಧ್ಯಯನದಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರ್‌ಗಳು ಬಿಳಿ ಗಂಡಸರ ವಿಷಯದಲ್ಲಿ ತಪ್ಪಿದ್ದು 1%ಗಿಂತ ಕಡಿಮೆ, ಕಪ್ಪು ಹೆಂಗಸರ ವಿಷಯದಲ್ಲಿ 34.7% ತನಕ.

ನಮಗೇಕೆ ಅಂತೀರಾ? 2023ರ ಜನವರಿ 1ರಿಂದ ನರೇಗಾ ಕೆಲಸದ ಹಾಜರಿಗೆ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ಕೂಲಿಯವರ ಫೋಟೋ ದಿನಕ್ಕೆ ಎರಡು ಸಲ, ಜಾಗದ ಗುರುತಿನ ಸಮೇತ ಏರಿಸಬೇಕಾಯಿತು. ಸುಳ್ಳು ಹಾಜರಿ ತಪ್ಪಿಸಲು ತಂದದ್ದು, ಉದ್ದೇಶ ಸರಿ. ಆದರೆ ಪಶ್ಚಿಮಘಟ್ಟದ ಇಳಿಜಾರಿನಲ್ಲಿ ಗುಂಡಿ ತೆಗೆಯುವವರಿಗೆ ನೆಟ್‌ವರ್ಕ್ ಎಲ್ಲಿಂದ ತರೋದು? ಫೋಟೋ ಹೋಗದಿದ್ದರೆ ಬೆವರು ಸುರಿಸಿದ್ದಕ್ಕೆ ಲೆಕ್ಕವೇ ಇಲ್ಲ. ಯಂತ್ರ ತಪ್ಪಿದಾಗ ಕೂಲಿ ಕಳೆದುಕೊಳ್ಳುವವರು ಯಾರು ಅಂತ ಕೇಳಿದರೆ ಸಾಕು, ಆ ಅಮೆರಿಕದ ಚಿತ್ರ ನಮ್ಮ ಹಿತ್ತಿಲಿಗೆ ಬಂದುಬಿಡುತ್ತದೆ. 2020ರಲ್ಲೇ ಬಂದ 'ದಿ ಸೋಷಿಯಲ್ ಡೈಲೆಮಾ' ಇದಕ್ಕಿಂತ ಜಾಸ್ತಿ ಹೆಸರು ಮಾಡಿತು, ನನಗೆ ಅಷ್ಟು ಹಿಡಿಸಲಿಲ್ಲ. ಸೋಷಿಯಲ್ ಮೀಡಿಯಾ ಆ್ಯಪ್‌ಗಳನ್ನು ಕಟ್ಟಿ ದುಡ್ಡು ಮಾಡಿಕೊಂಡವರೇ ಆಮೇಲೆ ಬಂದು ಅದು ಕೆಟ್ಟದ್ದು ಅನ್ನುತ್ತಾರೆ. ಬಳಸಿ ಏಟು ತಿಂದವರ ಮಾತಿಗೆ ಜಾಗ ಕಮ್ಮಿ.

ನಮ್ಮ ಜಿಲ್ಲೆಗಳ ಬಗ್ಗೆ ಏನಾದ್ರೂ ಇದೆಯಾ?

ಕುದುರೆಮುಖದ ಮೇಲೆ ಇದೆ. ಶೇಖರ್ ದತ್ತಾತ್ರಿ 2001ರಲ್ಲಿ ಮಾಡಿದ 'ಮೈಂಡ್‌ಲೆಸ್ ಮೈನಿಂಗ್', ಸಣ್ಣ ಚಿತ್ರ. ಕಬ್ಬಿಣದ ಅದಿರು ತೆಗೆದು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಎಂಜಿನಿಯರಿಂಗ್ ಅಂದರೆ ಎಂಜಿನಿಯರಿಂಗೇ, ಅದನ್ನು ಅಲ್ಲಗಳೆಯಲಾಗದು. ಆದರೆ ಮಳೆ ಬಂದರೆ ಬೋಳು ಗುಡ್ಡದ ಮಣ್ಣು ಭದ್ರಾ ನದಿಗೆ. ಚಿತ್ರ ಆ ಕೆಂಪು ನೀರನ್ನು ತೋರಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಲು ಹೇಳಿತು, 2005ರ ಕೊನೆಗೆ ನಿಂತಿತು. ಅದು ಒಂದು ಪಕ್ಷ ಹಿಡಿದು ಮಾಡಿದ ಚಿತ್ರ, ಹಾಗೆಂದೇ ನೋಡಬೇಕು. ಕೆಲಸ ಹೋದ ಮೇಲೆ ಖಾಲಿಯಾದ ಟೌನ್‌ಶಿಪ್, ಅಲ್ಲಿಂದ ಗುಳೆ ಹೋದ ಕುಟುಂಬಗಳು, ಇವರ ಕಥೆಗೆ ಇನ್ನೊಂದು ಚಿತ್ರ ಬೇಕು.

ಹೇಮಾವತಿ ಬಗ್ಗೆ ಕೇಳುವವರಿಗೆ ನಾನು ಆಫ್ರಿಕಾದ ಚಿತ್ರ ತೋರಿಸುತ್ತೇನೆ. 1992ರ ಬಿಬಿಸಿ ಸರಣಿ 'ಪಂಡೋರಾಸ್ ಬಾಕ್ಸ್', ಆಡಮ್ ಕರ್ಟಿಸ್ ಅವರದ್ದು. ಅದರ ಒಂದು ಕಂತು ಘಾನಾ ದೇಶದ ವೋಲ್ಟಾ ಅಣೆಕಟ್ಟೆಯ ಮೇಲೆ. ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶ, ಅಣೆಕಟ್ಟೆ ಕಟ್ಟಿದರೆ ಕೈಗಾರಿಕೆ ಬಂದು ಬಡತನ ಹೋಗುತ್ತೆ ಅನ್ನುವ ಅದರ ನಾಯಕ ಎನ್‌ಕ್ರುಮಾ ಅವರ ಕನಸು. ಸುಮಾರು 80,000 ಜನ ಊರು ಬಿಟ್ಟರು. ವಿದ್ಯುತ್ತಿನ ದೊಡ್ಡ ಪಾಲು ಅಗ್ಗದ ದರದಲ್ಲಿ ಅಮೆರಿಕದ ಅಲ್ಯೂಮಿನಿಯಂ ಕಂಪನಿಗೆ ಹೋಯಿತು. ಇದನ್ನು ನೋಡಿ ಎದ್ದವರೆಲ್ಲ ಗೊರೂರಿನ ಮಾತೇ ಆಡುತ್ತಾರೆ. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟೆ 1979ರಲ್ಲಿ ಮುಗಿಯಿತು. ನೀರು ತುಮಕೂರಿನವರೆಗೂ ಹೋಗುತ್ತದೆ, ಎಷ್ಟೋ ಹೊಲ ಹಸಿರಾಗಿದೆ, ಅದು ಸುಳ್ಳಲ್ಲ. ಮುಳುಗಿದ ಊರುಗಳ ಗುರುತಾಗಿ ಎಲ್ಲರೂ ಶೆಟ್ಟಿಹಳ್ಳಿ ಚರ್ಚಿನ ಫೋಟೋ ತೆಗೆಯುತ್ತಾರೆ. ಮಳೆಗಾಲದಲ್ಲಿ ನೀರಲ್ಲಿ ನಿಂತ ಗೋಡೆ, ಚೆಂದ ಕಾಣುತ್ತೆ. ಅಲ್ಲಿ ಪೂಜೆಗೆ ಹೋಗುತ್ತಿದ್ದವರು ಈಗ ಎಲ್ಲಿದ್ದಾರೆ, ಸಿಕ್ಕ ಜಮೀನು ಹೇಗಿದೆ ಅಂತ ಕೇಳಿ ತೆಗೆದ ವಿಡಿಯೋ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಆನೆ ವಿಷಯ ಇನ್ನೂ ಕಷ್ಟದ್ದು. ಟಿವಿಯಲ್ಲಿ ಆನೆ ಅಂದರೆ ಮರಿ, ಹಾಲು, ಪ್ರೀತಿ. ಆಲೂರು, ಸಕಲೇಶಪುರ, ಬೇಲೂರಿನಲ್ಲಿ ಆನೆ ಅಂದರೆ ಬೆಳಿಗ್ಗೆ ತೋಟಕ್ಕೆ ಹೋಗುವ ದಾರಿಯ ಭಯ. ರೇಡಿಯೋ ಕಾಲರ್ ಹಾಕುತ್ತಾರೆ, ಆನೆ ಎಲ್ಲಿದೆ ಅಂತ ಫೋನಿಗೆ ಸಂದೇಶ ಬರುತ್ತದೆ. ಒಳ್ಳೆ ಕೆಲಸ. ಆದರೆ ತೋಟದ ಲೈನ್ ಮನೆಯಲ್ಲಿರುವ ಅಸ್ಸಾಂ ಕಡೆಯ ಕಾರ್ಮಿಕರಿಗೆ ಕನ್ನಡದ ಸಂದೇಶ ಹೋದರೆ ಓದುವವರು ಯಾರು? 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತ. ಎಂಟು ಸಲ ಅಂಬಾರಿ ಹೊತ್ತವನು. ಇಡೀ ರಾಜ್ಯ ಅತ್ತಿತು, ಅಳಬೇಕಾದ್ದೇ. ಅದೇ ತಾಲ್ಲೂಕುಗಳಲ್ಲಿ ಆನೆ ತುಳಿದು ಸತ್ತ ಕೂಲಿಯವರ ಹೆಸರು ನಿಮಗೆ ಒಂದಾದರೂ ನೆನಪಿದೆಯಾ? ಈ ಎರಡನ್ನೂ ಒಟ್ಟಿಗೆ ಹಿಡಿಯುವ ಡಾಕ್ಯುಮೆಂಟರಿ ಬಂದರೆ ನಾನೇ ಊರೆಲ್ಲ ಸುತ್ತಿ ತೋರಿಸುತ್ತೇನೆ.

ಹಳೇ ಸರಣಿಗಳಲ್ಲಿ ವಿಜ್ಞಾನ ಹಳತಾಗಿರುತ್ತಲ್ವಾ?

ಆಗಿರುತ್ತೆ, ಅದೇ ಮಜಾ. 'ಕಾಸ್ಮೋಸ್' ಬಂದಾಗ ಬೇರೆ ಸೂರ್ಯರ ಸುತ್ತ ಒಂದು ಗ್ರಹವೂ ಸಿಕ್ಕಿರಲಿಲ್ಲ, ನಮ್ಮ ಸೂರ್ಯನಂಥ ನಕ್ಷತ್ರದ ಸುತ್ತ ಮೊದಲನೆಯದು ಸಿಕ್ಕಿದ್ದು 1995ರಲ್ಲಿ. ಬ್ರಹ್ಮಾಂಡ ಹಿಗ್ಗುವ ವೇಗ ಹೆಚ್ಚುತ್ತಿದೆ ಅಂತ ತಿಳಿದಿದ್ದು 1998ರಲ್ಲಿ. ಪ್ಲೂಟೊ 2006ರ ತನಕ ಗ್ರಹವೇ. ಮಕ್ಕಳಿಗೆ ಹಳೇ ಕಂತು ಹಾಕಿ, ತಪ್ಪು ಹುಡುಕಿ ಅನ್ನಿ. ಸುಮ್ನೆ ಕೂರುವುದಿಲ್ಲ.

ಎಷ್ಟು ವಯಸ್ಸಿನ ಮಕ್ಕಳನ್ನು ಕರ್ಕೊಂಡು ಬರಬಹುದು?

ಒಂದು ಗಂಟೆ ಕೂರುವ ಯಾರಾದರೂ ಸರಿ. ಪ್ರಾಣಿ ಪ್ರಯೋಗ, ಯುದ್ಧದ ದೃಶ್ಯ ಇದ್ದರೆ ಮುಂಚೆಯೇ ಹೇಳುತ್ತೇವೆ.

ಯೂಟ್ಯೂಬ್ ಇರುವಾಗ ಇದೆಲ್ಲ ಯಾಕೆ?

ಯೂಟ್ಯೂಬಿನಲ್ಲಿ ಒಳ್ಳೆಯದೂ ಬೇಕಾದಷ್ಟಿದೆ, ನಾವೂ ಅಲ್ಲಿಂದಲೇ ಹುಡುಕುತ್ತೇವೆ. ಆದರೆ ಈಗ ಯಂತ್ರವೇ ಬರೆದು, ಯಂತ್ರವೇ ಓದಿ, ಎಲ್ಲಿಂದಲೋ ಎತ್ತಿದ ದೃಶ್ಯ ಅಂಟಿಸಿದ ವಿಡಿಯೋಗಳು ರಾಶಿ ಬಿದ್ದಿವೆ. ಯಾರು ಮಾಡಿದ್ದು ಅಂತ ಹೆಸರಿಲ್ಲ, ಸ್ಥಳಕ್ಕೆ ಹೋದವರಿಲ್ಲ, ಒಬ್ಬ ಮನುಷ್ಯನನ್ನೂ ಮಾತಾಡಿಸಿಲ್ಲ. ಈ ಮೂರು ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ನಾವೇ ಒಂದು ಮಾಡಬಹುದಾ? ಫೋನ್ ಇದೆ.

ದಯವಿಟ್ಟು ಮಾಡಿ. ಮೇಲೆ ಅಷ್ಟು ವಿಷಯ ಕೊಟ್ಟಿದ್ದೇನೆ. ಚಿತ್ರ ಸ್ವಲ್ಪ ಅಲ್ಲಾಡಿದರೆ ಪರವಾಗಿಲ್ಲ, ಮಾತು ಕೇಳಿಸಬೇಕು, ಆದ್ದರಿಂದ ಮೊದಲ ದುಡ್ಡು ಕಾಲರ್ ಮೈಕ್‌ಗೆ ಹಾಕಿ. ಮಾತಾಡಿಸುವವರ ಒಪ್ಪಿಗೆ ಕೇಳಿ, ಕೂಲಿಯವರಾದರೆ ತೋಟದ ಯಜಮಾನರ ಎದುರು ಮಾತಾಡಿಸಬೇಡಿ, ಸತ್ಯ ಬರಲ್ಲ. ಮೀಸಲು ಅರಣ್ಯದೊಳಗೆ ಶೂಟಿಂಗ್‌ಗೆ ಅರಣ್ಯ ಇಲಾಖೆ ಅನುಮತಿ ಬೇಕು. ಡ್ರೋನ್ ಇದ್ದರೆ 2021ರ ಡ್ರೋನ್ ನಿಯಮ ಓದಿಕೊಳ್ಳಿ, 250 ಗ್ರಾಂಗಿಂತ ಸಣ್ಣದಾದರೂ ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ. ಎಂಸಿಎಫ್ ಹತ್ತಿರವಂತೂ ಆ ಯೋಚನೆಯೇ ಬೇಡ. ಹದಿನೈದು ನಿಮಿಷದೊಳಗಿನದ್ದಾದರೆ ನಮ್ಮ ಮಹಡಿಯಲ್ಲಿ ಹಾಕುತ್ತೇವೆ, ಕಾಫಿ ಕೊಡುತ್ತೇವೆ. ಆದರೆ ಮಧ್ಯದಲ್ಲಿ ನಿಲ್ಲಿಸಿ "ಇದು ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳುವವರು ಇರುತ್ತಾರೆ, ಉತ್ತರ ಇಟ್ಟುಕೊಂಡು ಬನ್ನಿ.